ರೊಟ್ಟಿ ಹಿಡಿದು ಲೆನ್ಸ್ ಅಳೆದವನು

ಮನುಷ್ಯರು ದಪ್ಪಗೆ, ತೆಳ್ಳಗೆ ಕಾಣುವುದು ಊಟದಿಂದಲ್ಲ, ಲೆನ್ಸಿನಿಂದ ಎಂದು ನಂಬಿದ ಒಬ್ಬನೇ ಒಬ್ಬ ಮನುಷ್ಯ ಈ ಹೈದರಾಬಾದಿನಲ್ಲಿದ್ದಾನೆ. ಅವನು ನನ್ನ ಮೈದುನ, ನಿಮ್ಮ ಅಜ್ಜನ ತಮ್ಮ, ನೀವು ಕರೆಯುವ ಹಾಗೆ ಸಣ್ಣ ಮುತ್ಯಾ. ಮಕ್ಕಳೇ, ನೀವು ಅವನನ್ನು ನೋಡಿ ನಗುತ್ತೀರಿ. ನಗಿರಿ, ಬೇಡ ಎನ್ನುವುದಿಲ್ಲ. ನಾನೂ ಸೆರಗನ್ನು ಬಾಯಿಗೆ ಹಿಡಿದು ಸಾಕಷ್ಟು ನಕ್ಕಿದ್ದೇನೆ. ಆದರೆ ಪೂರ್ತಿ ಕಥೆ ಗೊತ್ತಿದ್ದು ನಕ್ಕರೆ ಆ ನಗುವಿಗೆ ರುಚಿ ಬೇರೆ. ಎದುರಿಗೆ ಕೂತು ಹೇಳಲು ನನಗೆ ನಾಚಿಕೆ. ಅದಕ್ಕೇ ಬರೆಯುತ್ತಿದ್ದೇನೆ.

ಅವನ ಕೆಲಸ ಮಾದಾಪುರದ ಒಂದು ಗಾಜಿನ ಕಟ್ಟಡದಲ್ಲಿ. ಬೇರೆಯವರು ಬರೆದ ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕುವುದು! ತಪ್ಪು ಹುಡುಕುವವರಿಗೂ ಸಂಬಳ ಕೊಡುವ ಕಾಲ ಬಂತೆಂದು ಮೊದಲ ಸಲ ಕೇಳಿದಾಗ, ನಮ್ಮ ಅತ್ತೆಯವರು ಅವಸರ ಮಾಡಿ ತೀರಿಕೊಂಡರಲ್ಲಾ ಎಂದು ನನಗೆ ಮರುಕವಾಯಿತು. ಬದುಕಿದ್ದರೆ ಎಷ್ಟು ದೊಡ್ಡ ಹುದ್ದೆಗೆ ಏರುತ್ತಿದ್ದರೋ!

ಆಗತಾನೇ ಮನೆಮನೆಗೆ ಅಗಲವಾದ ಹೊಸ ಟಿವಿಗಳು ಬರುತ್ತಿದ್ದವು. ಟಿವಿ ಅಗಲ, ಕಾರ್ಯಕ್ರಮಗಳು ಮಾತ್ರ ಹಳೆಯ ಚೌಕದವು. ಚೌಕವನ್ನು ಎಳೆದು ಅಗಲಕ್ಕೆ ಹೊಂದಿಸಿದರೆ ವಾರ್ತೆ ಓದುವ ಹುಡುಗಿಯ ಮುಖ ಕುಂಬಳಕಾಯಿ ಆಗುತ್ತಿತ್ತು. ಜನ ಅದನ್ನೇ ಸುಖವಾಗಿ ನೋಡುತ್ತಿದ್ದರು. ನನ್ನ ಮೈದುನನಿಗೆ ಮಾತ್ರ ಅದು ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ. ಒಮ್ಮೆ ಅವನ ಗೆಳೆಯನಿಗೆ ಹೆಣ್ಣು ನೋಡಲು ಕಾಚಿಗುಡಾಕ್ಕೆ ಹೋದೆವು. ತಟ್ಟೆಯಲ್ಲಿ ಮಂಡಕ್ಕಿ ಸುಸಲಾ ಬಂತು, ಎದುರಿಗೆ ಟಿವಿ ಹಾಡುತ್ತಿತ್ತು. ಇವನಿಗೆ ತುತ್ತು ಇಳಿಯಲೊಲ್ಲದು. ಕೊನೆಗೆ ಹೆಣ್ಣಿನ ತಂದೆಯ ಹತ್ತಿರ ರಿಮೋಟ್ ಕೇಳಿ ತೆಗೆದುಕೊಂಡು ಒತ್ತತೊಡಗಿದ. ಹುಡುಗಿ ಚಹಾದ ತಟ್ಟೆ ಹಿಡಿದು ಬಂದು ನಿಂತಳು. ನಮ್ಮ ಕಡೆಯವರೆಲ್ಲ ಟಿವಿಯನ್ನೇ ನೋಡುತ್ತಿದ್ದೆವು! ಪಾಪದ ಹುಡುಗಿ ಕಾದು ಕಾದು, ಮೆಲ್ಲಗೆ, "ಅಣ್ಣಾ, ಕೆಳಗಿಂದ ಎರಡನೇದು ಒತ್ತರಿ" ಎಂದಳು. ಕುಂಬಳಕಾಯಿ ಮತ್ತೆ ಮನುಷ್ಯರ ಮುಖವಾಯಿತು. ಇವನು ರಿಮೋಟ್ ಕೆಳಗಿಟ್ಟು ಗೆಳೆಯನ ಕಡೆ ತಿರುಗಿ, "ಹುಡುಗಿ ಪಾಸ್" ಎಂದ. ಮದುವೆಯೂ ಆಯಿತು. ಆಕೆ ಈಗಲೂ ವರ್ಷ ವರ್ಷ ಬಂದು ಇವನಿಗೆ ರಾಖಿ ಕಟ್ಟುತ್ತಾಳೆ.

ನಗುವ ಮಾತು ಇನ್ನೂ ಇದೆ. ಅದಕ್ಕೂ ಮೊದಲು ಕ್ಯಾಸೆಟ್ಟಿನ ವಿಷಯ ಹೇಳಿಬಿಡುತ್ತೇನೆ.

ನಿಮ್ಮವ್ವನ ಮದುವೆಯ ವಿಡಿಯೊ ಕ್ಯಾಸೆಟ್ ನನ್ನ ಟ್ರಂಕಿನಲ್ಲಿತ್ತು. ನಿಮ್ಮ ಮುತ್ಯಾ ನಡೆಯುವುದು, ನಗುವುದು ಉಳಿದಿರುವುದು ಅದೊಂದರಲ್ಲೇ. ನೀವು ಹುಟ್ಟುವ ಮೊದಲೇ ಹೋದವರು ಅವರು. ಗೋಡೆಯ ಮೇಲಿನ ಫೋಟೊದ ಮುಖ ಬಿಟ್ಟರೆ ನಿಮಗೆ ಅವರು ಗೊತ್ತಿಲ್ಲ. ಬೀದರಿನ ಕುಸ್ತಿ ತಾಲೀಮಿನ ಕೆಮ್ಮಣ್ಣಿನಲ್ಲಿ ಉರುಳಿ ಬೆಳೆದ ಮೈ ಅದು. ಸುಲ್ತಾನ್ ಬಜಾರಿನ ನಮ್ಮ ಬಟ್ಟೆ ಅಂಗಡಿಯಲ್ಲಿ ಅವರು ಗಲ್ಲಾದ ಹಿಂದೆ ಕೂತರೆ ಅಲ್ಲಿ ಬೆಕ್ಕಿಗೂ ಜಾಗವಿರುತ್ತಿರಲಿಲ್ಲ. ಆಮೇಲೆ ಕಾಯಿಲೆ ಬಂತು. ಅವರು ಇರುವಾಗಲೇ ಆಗಲೆಂದು ಮದುವೆಯನ್ನು ಅವಸರದಲ್ಲಿ ಮಾಡಿದೆವು. ಕ್ಯಾಸೆಟ್ಟಿನಲ್ಲಿ ಇರುವುದು ಕಾಯಿಲೆ ತಿಂದು ಉಳಿಸಿದ ಮನುಷ್ಯ, ಮೊಳೆಗೆ ನೇತುಹಾಕಿದ ಕೋಟಿನ ಹಾಗೆ. ಅವರು ಹೋದ ಮೇಲೆ ಒಮ್ಮೆ ಹಾಕಿ ನೋಡಿದ್ದೆ, ಪೂರ್ತಿ ನೋಡಲಾಗಲಿಲ್ಲ. ನೀವು ಬಂದಾಗಲೆಲ್ಲ, ಆಯಿ, ಮುತ್ಯಾನ ಕ್ಯಾಸೆಟ್ ತೋರಿಸು ಎಂದು ಕಾಡುತ್ತಿದ್ದಿರಿ. ನಾನು ಮಾತು ಮರೆಸುತ್ತಿದ್ದೆ. ಒಮ್ಮೆ ತೋರಿಸಿದರೆ ನಿಮ್ಮ ಕಣ್ಣಲ್ಲಿ ಮುತ್ಯಾ ಎಂದರೆ ಜೀವಮಾನವೆಲ್ಲ ಅದೇ ಆಗಿ ಕೂಡುತ್ತದೆ ಎಂಬುದು ನನ್ನ ಭಯ. ಇದು ಗೊತ್ತಿದ್ದವನು ನನ್ನ ಮೈದುನ ಒಬ್ಬನೇ.

"ಕ್ಯಾಸೆಟ್ ನನಗ ಕೊಡ್ರಿ ವೈನಿ. ಛಲೋ ಮಾಡಿ ತೋರಸ್ತೀನಿ" ಎಂದು ಒಂದು ದಿನ ಅವನೇ ಅತ್ತಿಗೆಯಾದ ನನ್ನನ್ನು ಕೇಳಿದ.

"ಅದರಾಗಿರೂದನ್ನ ಯಾವ ಮಷೀನು ಛಲೋ ಮಾಡತೈತಪ್ಪಾ?" ಎಂದೆ.

ಅವನು ಆ ಮಷೀನು ಹುಡುಕಲು ಹೊರಟ!

ಹುಚ್ಚು ಮೊದಲೇ ಇತ್ತು, ಈಗ ಅದಕ್ಕೊಂದು ನೆಪವೂ ಸಿಕ್ಕಿತು. ಲಿಂಗಂಪಲ್ಲಿಯ ನಮ್ಮ ಮನೆಯ ಹಿಂದಿನ ಕೋಣೆಗೆ ಕಪ್ಪು ಬಣ್ಣ ಹೊಡೆಸಿದ. ಗೋಡೆ ಕಪ್ಪು, ಚಾವಣಿ ಕಪ್ಪು, ಕಿಟಕಿಗೆ ಕಪ್ಪು ಪರದೆ. ಬೆಳಕು ಗೋಡೆಗೆ ಬಿದ್ದು ತಿರುಗಿದರೆ ಸಿನಿಮಾ ಕೆಡುತ್ತದಂತೆ. ಬಣ್ಣದವನು ತೆಲುಗಿನಲ್ಲಿ ನಲುಪಾ, ನಿಜಂಗಾ ನಲುಪಾ, ಅಂದರೆ ನಿಜವಾಗಿಯೂ ಕಪ್ಪೇ ಎಂದು ಮತ್ತೆ ಮತ್ತೆ ಕೇಳಿ, ಒಂದು ತೆಂಗಿನಕಾಯಿ ಒಡೆಸಿದ ಮೇಲೆಯೇ ಬ್ರಷ್ ಎತ್ತಿದ. ಪಕ್ಕದ ಮನೆಯಾಕೆ ಇಣುಕಿ ನೋಡಿ, ಎಕ್ಸ್‌ರೇ ತೆಗೆಯುವ ಅಂಗಡಿ ಇಡುತ್ತೀರೇನು ಎಂದು ವಿಚಾರಿಸಿದಳು. ಸುಮ್ಮನೆ ನಕ್ಕೆವು. ಮರುದಿನ ಮಂಡಿನೋವಿಗೆ ಡಾಕ್ಟರು ಬರೆದುಕೊಟ್ಟ ಚೀಟಿ ಹಿಡಿದುಕೊಂಡು ಬಂದೇಬಿಟ್ಟಳು.

ಪ್ರೊಜೆಕ್ಟರ್ ಬಂತು. ಅದೊಂದೇ ಸಾಲದೇನು? ಸಾಲದಂತೆ. ಅಗಲವಾದ ಸಿನಿಮಾ ಹಾಕಿದರೆ ಮೇಲೊಂದು ಕೆಳಗೊಂದು ಕಪ್ಪು ಪಟ್ಟಿ ಬರುತ್ತದೆ. ಆ ಪಟ್ಟಿಗೆ ಹೋದ ಬೆಳಕೆಲ್ಲ ದಂಡ. ಅದಕ್ಕೆ ವಿಡಿಯೊ ಪ್ರೊಸೆಸರ್ ಎಂಬ ಪೆಟ್ಟಿಗೆ ಬೇಕು. ಅದು ಚಿತ್ರವನ್ನು ಮೇಲಕ್ಕೂ ಕೆಳಕ್ಕೂ ಎಳೆದು ಪಟ್ಟಿಯನ್ನು ಮುಚ್ಚುತ್ತದೆ. ಆಗ ಸಿನಿಮಾದಲ್ಲಿರುವವರೆಲ್ಲ ಬಿದಿರುಗಳಾಗುತ್ತಾರೆ. ಆಮೇಲೆ ಪ್ರೊಜೆಕ್ಟರಿನ ಮುಂದೆ ಅನಮಾರ್ಫಿಕ್ ಲೆನ್ಸ್ ಎಂಬ ದೊಡ್ಡ ಗಾಜು ಇಡಬೇಕು. ಅದು ಬಿದಿರುಗಳನ್ನು ಅಡ್ಡಕ್ಕೆ ಅಗಲಿಸಿ ಮತ್ತೆ ಮನುಷ್ಯರನ್ನಾಗಿ ಮಾಡುತ್ತದೆ. ಇದನ್ನು ಅವನು ನನಗೆ ಅಡುಗೆಮನೆಯಲ್ಲಿ, ನಾದಿದ ಹಿಟ್ಟನ್ನು ಎಳೆದು ತೋರಿಸಿ ತಿಳಿಸಿದ. ನಾನು ಹಳ್ಳಿಯ ಶಾಲೆಯಲ್ಲಿ ಕಲಿತವಳು. ಎಲ್ಲ ಕೇಳಿ, ಪೆಟ್ಟಿಗೆ ಉದ್ದ ಮಾಡುತ್ತದೆ, ಗಾಜು ಅಗಲ ಮಾಡುತ್ತದೆ, ಕೊನೆಗೆ ಮೊದಲಿದ್ದ ಹಾಗೇ ಆಗುತ್ತದೆ, ಹಾಗಾದರೆ ಸುಮ್ಮನೆ ಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ. ಅವನು ಹಿಟ್ಟನ್ನು ಪರಾತದಲ್ಲಿಟ್ಟು ಎದ್ದು ಹೋದ. ಎರಡು ದಿನ ನನ್ನೊಂದಿಗೆ ಸಿನಿಮಾದ ಮಾತೆತ್ತಲಿಲ್ಲ.

ಪ್ರೊಸೆಸರ್ ಆರಿಸುವುದೇನು ಸುಲಭವೇ? ಎರಡು ಪೆಟ್ಟಿಗೆಗಳನ್ನು ಪರೀಕ್ಷೆಗೆಂದು ತಂದ. ನನ್ನನ್ನೂ, ಅವನ ಹೆಂಡತಿಯಾದ ನನ್ನ ನೆಗೆಣ್ಣಿಯನ್ನೂ ಕೂಡಿಸಿ, ಕಣ್ಣಿನ ಡಾಕ್ಟರ ಹಾಗೆ, ಇದು ಛಲೋನೋ ಅದು ಛಲೋನೋ ಎಂದು ಕೇಳಿದ. ಒಂದರಲ್ಲಿ ಓರೆ ಗೆರೆಗಳು ಗರಗಸದ ಹಲ್ಲಿನಂತೆ ಕಾಣುತ್ತವಂತೆ, ಇನ್ನೊಂದರಲ್ಲಿ ನುಣ್ಣಗಂತೆ. ನನಗೆ ಹಲ್ಲೂ ಕಾಣಲಿಲ್ಲ, ನುಣುಪೂ ಕಾಣಲಿಲ್ಲ. ನೆಗೆಣ್ಣಿ ಮಾತ್ರ ಪ್ರತಿ ಸಲವೂ ತಡೆಯದೆ ಒಂದೇ ಪೆಟ್ಟಿಗೆಯನ್ನು ತೋರಿಸಿದಳು. ಇವನಿಗೆ ಹೆಂಡತಿಯ ಕಣ್ಣಿನ ಮೇಲೆ ಅಭಿಮಾನವೇ ಉಕ್ಕಿತು. ತಾನು ವಾರಗಟ್ಟಲೆ ಓದಿ ಆರಿಸಿದ್ದೂ ಅದನ್ನೇ ಎಂದು ಕಂಡವರಿಗೆಲ್ಲ ಹೇಳಿಕೊಂಡ. ಆಮೇಲೆ ನಾನು ಒಳಗೆ ಹೋಗಿ, ನಿನಗದು ಹೇಗೆ ತಿಳಿಯಿತು ಎಂದು ಆಕೆಯನ್ನು ಕೇಳಿದೆ. "ಅದು ಸಣ್ಣದೈತ್ರಿ ಅಕ್ಕಾ. ಧೂಳು ಒರಸೂದು ನಾನಲ್ಲೇನು?" ಎಂದಳು.

ಲೆನ್ಸಿನದು ಇದಕ್ಕಿಂತ ದೊಡ್ಡ ಕಥೆ. ಅದರಲ್ಲಿ ಎರಡು ಜಾತಿ. ಒಂದರಲ್ಲಿ ಬೆಣೆಯ ಹಾಗೆ ಸೀಳಿದ ಗಾಜುಗಳು, ಇನ್ನೊಂದರಲ್ಲಿ ಬಾಗಿದ ಗಾಜುಗಳು. ಯಾವುದು ಅಗಲವನ್ನು ಸರಿಯಾಗಿ ಕೊಡುತ್ತದೆ ಎಂದು ತಿಳಿಯಲು ಒಂದು ಪೂರ್ತಿ ದುಂಡಗಿನ ವಸ್ತುವಿನ ಚಿತ್ರ ಬೇಕು. ಒಂದು ಬೆಳಿಗ್ಗೆ ಒಲೆಯ ಹತ್ತಿರ ಬಂದು, "ವೈನಿ, ಒಂದ್ ದುಂಡಂದು ರೊಟ್ಟಿ ಕೊಡ್ರಿ" ಎಂದ. ಪಲ್ಯ ಬಡಿಸಲು ಹೋದೆ. "ತಿನ್ನಾಕಲ್ರಿ, ಅಳ್ಯಾಕ" ಎಂದ!

ರೊಟ್ಟಿಯನ್ನು ನೆಲದ ಮೇಲಿಟ್ಟು, ಕುರ್ಚಿ ಹತ್ತಿ, ನೆಟ್ಟಗೆ ಮೇಲಿನಿಂದ ಫೋಟೊ ತೆಗೆದ. ಕತ್ತಲೆ ಕೋಣೆಯ ಪರದೆಯ ಮೇಲೆ ನನ್ನ ಜೋಳದ ರೊಟ್ಟಿ ಆಳೆತ್ತರಕ್ಕೆ ಎದ್ದು ನಿಂತಿತು, ಸುಟ್ಟ ಕಲೆಗಳ ಸಮೇತ. ನನಗೆ ಎಷ್ಟು ನಾಚಿಕೆಯಾಯಿತು! ಬಟ್ಟೆ ಅಳೆಯುವ ಟೇಪು ಹಿಡಿದು ಅಡ್ಡ ಅಳೆದ, ಉದ್ದ ಅಳೆದ. ಅಡ್ಡ ಹೆಚ್ಚು ಬಂತು. ಲೆನ್ಸ್ ಸಿಕಂದರಾಬಾದಿನ ಅಂಗಡಿಗೆ ವಾಪಸಾಯಿತು. ಇನ್ನೊಂದು ಜಾತಿಯದು ಬಂತು. ಅದರಲ್ಲೂ ಅಡ್ಡವೇ ಹೆಚ್ಚು. ದೇಶದಲ್ಲಿ ಒಂದೂ ನೆಟ್ಟಗಿನ ಲೆನ್ಸ್ ಇಲ್ಲವೆಂದು ಇವನು ತಲೆಯ ಮೇಲೆ ಕೈಹೊತ್ತು ಕೂತಾಗ, ನೆಗೆಣ್ಣಿ ಸುಮ್ಮನೆ ಆ ಟೇಪು ತೆಗೆದುಕೊಂಡು ಹೋಗಿ ಬುಟ್ಟಿಯಲ್ಲಿದ್ದ ಆ ದಿನದ ರೊಟ್ಟಿಯನ್ನೇ ಅಳೆದಳು. ಆಗ ನನ್ನ ಬಲ ಮುಂಗೈ ನೋಯುತ್ತಿತ್ತು, ತಟ್ಟುವಾಗ ಹಿಟ್ಟು ಒಂದೇ ಕಡೆ ಹರಿಯುತ್ತಿತ್ತು. ದೋಷ ಲೆನ್ಸಿನದಲ್ಲ, ರೊಟ್ಟಿಯದು! ಇವನು ನನ್ನನ್ನು ನೋಡಿದ ನೋಟ ಹೇಗಿತ್ತೆಂದರೆ, ಪಂಚಾಂಗವೇ ಸುಳ್ಳು ಹೇಳಿದಂತಿತ್ತು. ಮೊದಲಿನ ಲೆನ್ಸನ್ನೇ ಕೊಡೆಂದು ಕೇಳಲು ಹೋದಾಗ ಅಂಗಡಿಯವನು, ಆವತ್ತು ಏನು ದೋಷವಿತ್ತು ಸಾಬ್ ಎಂದು ಕೇಳಿದನಂತೆ. ಸುಳ್ಳು ಬಾರದ ನನ್ನ ಮೈದುನ, "ರೋಟಿ ಗೋಲ್ ನೈ ಥೀ", ರೊಟ್ಟಿ ದುಂಡಗಿರಲಿಲ್ಲ, ಎಂದನಂತೆ.

ಅಂತೂ ಲೆನ್ಸ್ ಕೂತಿತು. ಅದಕ್ಕೆ ಒಂದು ಸಣ್ಣ ಹಳಿ. ಅಗಲವಾದ ಸಿನಿಮಾ ಇದ್ದರೆ ಲೆನ್ಸನ್ನು ಪ್ರೊಜೆಕ್ಟರಿನ ಮುಂದಕ್ಕೆ ತಳ್ಳಬೇಕು, ಹಳೆಯ ಚೌಕದ ಚಿತ್ರವಿದ್ದರೆ ಪಕ್ಕಕ್ಕೆ ಸರಿಸಬೇಕು. ಮರೆತರೆ ಎಲ್ಲರೂ ಉಬ್ಬಿಹೋಗುತ್ತಾರೆ. ನೆಗೆಣ್ಣಿ ಒಮ್ಮೆ ಮರೆತಿದ್ದಳು. ಇವನು ಊಟದಿಂದ ಎಂಜಲು ಕೈಯಲ್ಲೇ ಎದ್ದು ಓಡಿ ಮೊಣಕೈಯಿಂದ ಲೆನ್ಸ್ ಸರಿಸಿದ್ದ.

ಆಯುಧಪೂಜೆಯ ದಿನ ನಾನು ಎಲ್ಲಕ್ಕೂ ಅರಿಶಿನ ಕುಂಕುಮ ಹಚ್ಚಿದೆ. ಲೆನ್ಸಿಗೂ ಹಚ್ಚಿದೆ, ಗಾಜಿನ ನಟ್ಟನಡುವೆ, ಅಂದವಾಗಿ. ಸಂಜೆ ಸಿನಿಮಾ ಹಾಕಿದರೆ ಊರೆಲ್ಲ ಕೆಂಧೂಳಿ ಎದ್ದ ಹಾಗೆ ಮಬ್ಬು. ಪ್ರೊಸೆಸರಿನ ಗುಂಡಿಗಳನ್ನೆಲ್ಲ ಒತ್ತಿ ಸೋತು, ಟಾರ್ಚು ಹಿಡಿದು ಬಂದು ನೋಡಿದ. ಕರವಸ್ತ್ರ ತೆಗೆದು ಗಾಜು ಒರೆಸಿದ. ಆಮೇಲೆ, "ವೈನಿ, ಬರೂ ವರ್ಷ ಹಣಿಗೆ ಹಚ್ಚರಿ, ಕಣ್ಣಿಗೆ ಹಚ್ಚಬ್ಯಾಡ್ರಿ" ಎಂದ.

ನನ್ನ ಸೀರೆಯ ಮೇಲೂ ಅವನ ಕಣ್ಣು ಬಿತ್ತು. ನಿಮ್ಮ ಮುತ್ಯಾ ಹೋದ ಮೇಲೆ ನಾನು ಬಿಳಿ, ತಿಳಿ ಬಣ್ಣ ಬಿಟ್ಟು ಉಟ್ಟವಳಲ್ಲ. ನನ್ನ ಸೀರೆಯ ಬೆಳಕು ತಿರುಗಿ ಪರದೆಗೆ ಹೊಡೆಯುತ್ತದೆ, ಸಿನಿಮಾದ ಕತ್ತಲೆಯೆಲ್ಲ ಬೂದಿ ಬೂದಿ ಕಾಣುತ್ತದೆ ಎಂದು ತಕರಾರು ತೆಗೆದ. ಸುಲ್ತಾನ್ ಬಜಾರಿಗೆ ಹೋಗಿ ಕಡು ನೇರಳೆ ಬಣ್ಣದ ಇಳಕಲ್ ಸೀರೆ ತಂದ. ನಾನು ಒಲ್ಲೆ ಎಂದೆ, ಜನ ಏನೆಂದಾರು ಎಂದೆ. ಇದು ಸೀರೆಯಲ್ಲ, ಥಿಯೇಟರಿನ ಸಾಮಾನು ಎಂದ! ಅದನ್ನುಟ್ಟು ಕತ್ತಲೆಯಲ್ಲಿ ಕೂರುವುದು ಅಭ್ಯಾಸವಾಯಿತು. ಬರುಬರುತ್ತಾ ಬೆಳಕಿನಲ್ಲೂ ಅಭ್ಯಾಸವಾಯಿತು.

ಇಷ್ಟೆಲ್ಲ ಆದರೂ ಕ್ಯಾಸೆಟ್ಟನ್ನು ಅವನು ಎರಡನೇ ಸಲ ಕೇಳಲಿಲ್ಲ. ಒಂದು ಭಾನುವಾರ ನಿಮ್ಮಲ್ಲೊಬ್ಬರು, ಮುತ್ಯಾ ಹೇಗೆ ನಡೆಯುತ್ತಿದ್ದರು ಎಂದು ನನ್ನನ್ನು ಕೇಳಿದಿರಿ. ಒಬ್ಬ ಮನುಷ್ಯ ನಡೆಯುತ್ತಿದ್ದ ರೀತಿಯನ್ನು ಮಾತಿನಲ್ಲಿ ಹೇಳುವುದು ಹೇಗೆ? ಯೋಚಿಸಿದಷ್ಟೂ ನನಗೇ ಅದು ಮಸುಕಾಗುತ್ತಿದೆ ಎನ್ನಿಸಿ ಹೆದರಿದೆ. ನೀವೆಲ್ಲ ಮನೆಗೆ ಹೊರಟ ಮೇಲೆ ಟ್ರಂಕು ತೆಗೆದು ಕ್ಯಾಸೆಟ್ಟನ್ನು ಮೈದುನನ ಕೈಗೆ ಕೊಟ್ಟೆ. ಅವನು ಎರಡೂ ಕೈ ಚಾಚಿ ತೆಗೆದುಕೊಂಡ.

ಮುಂದಿನ ಭಾನುವಾರ ಮಧ್ಯಾಹ್ನ ಎಲ್ಲರೂ ಕಪ್ಪು ಕೋಣೆಯಲ್ಲಿ ಸೇರಿದೆವು. ನಾನು ಬೇಕಾದರೆ ಎದ್ದುಹೋಗಬಹುದೆಂದು ಬಾಗಿಲ ಹತ್ತಿರ ಕೂತೆ. ಪ್ರೊಸೆಸರ್ ಹಳೆಯ ಟೇಪಿನ ಕಸವನ್ನೆಲ್ಲ ಗುಡಿಸಿತ್ತು. ಚಪ್ಪರ ಬಂತು, ಬಾಳೆಕಂಬ ಬಂತು. ಬಾಳೆಕಂಬ ಆಲದ ಮರದಷ್ಟು ದಪ್ಪ! ಶಹನಾಯಿಯವನ ಕೆನ್ನೆ ಬಿರಿಯುವ ಹಾಗಿತ್ತು. ಮದುಮಗಳಾದ ನಿಮ್ಮವ್ವ ಬೂಂದಿ ಲಾಡುವಿನಂತೆ ಕೂತಿದ್ದಳು. ನೀವು ಉರುಳಾಡಿ ನಕ್ಕಿರಿ. "ಸಣ್ಣ ಮುತ್ಯಾ, ಲೆನ್ಸ್ ಸರಸೂದು ಮರತೀರಿ" ಎಂದು ಕೂಗಿದಿರಿ.

ಅವನು ಏಳಲಿಲ್ಲ. ಮೊಣಕಾಲ ಮೇಲೆ ಕೈಯಿಟ್ಟು ಪರದೆ ನೋಡುತ್ತಾ ಕೂತಿದ್ದ.

ಆಗ ಬಲಗಡೆಯಿಂದ ನಿಮ್ಮ ಮುತ್ಯಾ ಬಂದರು. ಕೋಟಿನ ತುಂಬ ಭುಜವಿತ್ತು. ಕೆನ್ನೆ ತುಂಬಿತ್ತು. ಕೊರಳಲ್ಲಿ ಎಲುಬು ಕಾಣಲಿಲ್ಲ. ಬೀಗರಿಗೆ ಕೈ ಮುಗಿದು ನಗುತ್ತಾ, ಎಡಗಾಲನ್ನು ತುಸು ಹೊರಗೆ ಹಾಕಿ ಮೆಲ್ಲಗೆ ನಡೆದು ಬಂದರು, ಅಂಗಡಿಯ ಮೆಟ್ಟಿಲಿಳಿದು ಮನೆಗೆ ಬರುತ್ತಿದ್ದ ಹಾಗೆಯೇ. ನಾನು ಕಾಯಿಲೆಯನ್ನು ಹುಡುಕಿದೆ, ಅದು ಅಲ್ಲಿರಲಿಲ್ಲ. ನಿಮ್ಮ ನಗು ನಿಂತಿತ್ತು. "ಮುತ್ಯಾ ಪೈಲ್ವಾನ್ ಇದ್ರೇನು ಆಯಿ?" ಎಂದು ನಿಮ್ಮಲ್ಲಿ ಸಣ್ಣವಳು ಕೇಳಿದಳು.

"ಹೂಂ, ಪೈಲ್ವಾನ್ ಇದ್ರು" ಎಂದೆ.

ದೊಡ್ಡವಳು ಮತ್ತೆ, ಲೆನ್ಸ್ ಮುಂದೆಯೇ ಇದೆ, ಅಳತೆ ತಪ್ಪಿದೆ, ತಾನೇ ಸರಿಸುತ್ತೇನೆ ಎಂದು ಎದ್ದಳು. ನಿಮ್ಮ ಸಣ್ಣ ಮುತ್ಯಾ ಅವಳ ಕೈ ಹಿಡಿದು ಪಕ್ಕದಲ್ಲಿ ಕೂಡಿಸಿಕೊಂಡ.

"ಬ್ಯಾಡವಾ, ಇರಲಿ. ಇದ ನಮ್ಮಣ್ಣನ ಖರೇ ಅಳತಿ" ಎಂದ.

ನೀವು ಅಂದು ಅವನು ಮರೆತನೆಂದೇ ತಿಳಿದಿರಿ. ಈಗಲೂ ಅದನ್ನು ಹೇಳಿ ಹೇಳಿ ಅವನನ್ನು ಕಾಡುತ್ತೀರಿ. ಅವನೂ ನಕ್ಕು ಸುಮ್ಮನಾಗುತ್ತಾನೆ.

ಚಿತ್ರ ಮುಗಿದು ಪರದೆ ನೀಲಿಯಾಯಿತು. ನಾನು ಬಾಗಿಲ ಹತ್ತಿರದಿಂದ ಎದ್ದು ಮುಂದಿನ ಸಾಲಿಗೆ ಬಂದು ನಿಮ್ಮ ನಡುವೆ ಜಾಗ ಮಾಡಿಕೊಂಡು ಕೂತೆ. ಅಷ್ಟು ಜನರೆದುರು ಬಾಯಿಬಿಟ್ಟು ಏನನ್ನೂ ಕೇಳಿದವಳಲ್ಲ ನಾನು.

"ತಮ್ಮಾ, ಮತ್ತೊಮ್ಮೆ ಮೊದಲಿಂದ ಹಾಕು" ಎಂದೆ.