ಮೂರನೇ ತರಗತಿಯವರ ಮೂರು ಕೊಡಲಿ

ಮಕ್ಕಳಿಗೆ ಪಾಠ ಹೇಳುವವರು ನಗೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಬೆಳಿಗ್ಗೆ ಹಾಜರಿ ಕೂಗಿ ಮುಗಿಸುವಷ್ಟರಲ್ಲಿ ಒಂದೆರಡು ಪ್ರಸಂಗ ಆಗಿಯೇ ಹೋಗಿರುತ್ತವೆ. ನಾನು ಇಲ್ಲಿಯವರೆಗೆ ಬರೆದದ್ದು ಪಾಠ ಟಿಪ್ಪಣಿ ಮತ್ತು ರಜೆ ಅರ್ಜಿ ಮಾತ್ರ. ಹೀಗಾಗಿ ಎಲ್ಲವನ್ನೂ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನನ್ನ ಮನೆ ಮಸ್ಕಿಯಲ್ಲಿ. ಕಲಿಸುವುದು ಸಿಂಧನೂರು ಕಡೆ, ಕಾಲುವೆ ದಂಡೆಯ ಒಂದು ಹಳ್ಳಿಯಲ್ಲಿ. ಕಾಲುವೆಯ ಮಾತು ಯಾಕೆ ತೆಗೆದೆ ಎಂದರೆ, ಮುಂದೆ ಅದು ಬೇಕಾಗುತ್ತದೆ.

೧. ಕೊಡಲಿ ಎಲ್ಲಿ ಬಿತ್ತು?

ಒಂದು ದಿನ ಶಾಲೆ ನೋಡಲು ಸಾಹೇಬರು ಬಂದರು. ಸಾಹೇಬರು ಅಂದರೆ ನಮ್ಮ ಮೇಲಿನ ಅಧಿಕಾರಿ. ಮೂರನೇ ತರಗತಿಯಲ್ಲಿ ಕೊಡಲಿಯ ಕಥೆ ನಡೆದಿತ್ತು. ನಿಮಗೆ ಗೊತ್ತಿರುವುದೇ, ಆದರೂ ಹೇಳಿಬಿಡುತ್ತೇನೆ. ಬಡವನ ಕೊಡಲಿ ಹೊಳೆಗೆ ಬೀಳುತ್ತದೆ, ಅವನು ಅಳುತ್ತಾನೆ. ಗಂಗಮ್ಮ ಎದ್ದು ಬಂದು ಬಂಗಾರದ ಕೊಡಲಿ ತೋರಿಸಿದರೆ "ನಂದಲ್ಲ" ಅನ್ನುತ್ತಾನೆ. ಬೆಳ್ಳಿಯದಕ್ಕೂ "ನಂದಲ್ಲ". ಕಬ್ಬಿಣದ್ದು ಕಂಡಾಗ "ಇದು ನಂದು!" ಅವನ ಪ್ರಾಮಾಣಿಕತೆಗೆ ಮೆಚ್ಚಿ ಗಂಗಮ್ಮ ಮೂರನ್ನೂ ಕೊಟ್ಟುಬಿಡುತ್ತಾಳೆ.

ಒಬ್ಬ ಹುಡುಗ ಎದ್ದು ನಿಂತು, ಎಲ್ಲೂ ನಿಲ್ಲದ ಎಕ್ಸ್‌ಪ್ರೆಸ್ ಬಸ್ಸಿನ ಹಾಗೆ ಪಾಠವನ್ನು ಕೊನೆಯವರೆಗೂ ಓದಿದ. ನನಗೋ ಹೆಮ್ಮೆ.

ಸಾಹೇಬರು ಕೇಳಿದರು, "ಶಾಬಾಸ್! ಈಗ ಹೇಳಪ, ಕೊಡ್ಲಿ ಎಲ್ಲಿ ಬಿತ್ತು?"

"ಹದಿನಾಲ್ಕನೇ ಪುಟದಾಗ್ರಿ ಸರ್."

ಸಾಹೇಬರು ಸಂದರ್ಶನ ಪುಸ್ತಕ ತರಿಸಿ ಬರೆದರು: "ಮಕ್ಕಳು ಓದುತ್ತಾರೆ. ಅರ್ಥವಾಗಿಲ್ಲ. ತಿಂಗಳ ನಂತರ ಮತ್ತೆ ಇದೇ ಪಾಠ ಕೇಳುತ್ತೇನೆ." ಆ ಪುಸ್ತಕ ಶಾಲೆಯಲ್ಲೇ ಉಳಿಯುವಂಥದ್ದು. ನನ್ನ ತರಗತಿಯ ಬಗ್ಗೆ ಬರೆದ ಈ ಮಾತನ್ನು ಮುಂದೆ ಬರುವ ಎಲ್ಲ ಸಾಹೇಬರೂ ಓದುತ್ತಾರೆ. ಅವರಂತೂ ಅರ್ಥ ಮಾಡಿಕೊಂಡೇ ಓದುತ್ತಾರೆ.

೨. ಗಂಗಮ್ಮನ ಕಷ್ಟ

ಮರುದಿನದಿಂದಲೇ ಅರ್ಥ ಮಾಡಿಸಲು ಕುಳಿತೆ. "ಕೊಡ್ಲಿ ನೀರಾಗ ಬಿದ್ದ ಕೂಡ್ಲೆ ಬಡವ ಯಾಕ ಅತ್ತ?" ಎಂದು ಕೇಳಿದೆ.

ಒಬ್ಬ ಹುಡುಗಿಗೆ ಸಿಟ್ಟೇ ಬಂತು. "ಅಳೂದ್ಯಾಕ್ರಿ ಟೀಚರ್? ಗೇಟ್ ಬಂದ್ ಮಾಡೂತನಕ ತಡಕೊಂಡು, ಆಮ್ಯಾಲ ಇಳದು ತಗೊಂಡ್ರ ಆತು. ನಮ್ಮಪ್ಪನ ಕುಡಗೋಲು ಹಂಗ ಸಿಕ್ಕೈತಿ."

ನಮ್ಮ ಕಾಲುವೆಗೆ ಸರದಿಯ ಮೇಲೆ ನೀರು ಬಿಡುತ್ತಾರೆ, ಗೇಟು ಹಾಕಿದರೆ ತಳ ಕಾಣುತ್ತದೆ. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. "ಇದು ಕಾಲುವಿ ಅಲ್ಲವ್ವ, ಹೊಳಿ. ಹೊಳಿಗೆ ಗೇಟ್ ಇರೂದಿಲ್ಲ" ಎಂದೆ.

"ಮತ್ತ ನೀರು ಯಾರು ಬಿಡ್ತಾರ್ರಿ?"

ಸಂಜೆ, ಪಾಮನಕಲ್ಲೂರು ಕಡೆ ಇದೇ ಪಾಠ ಮಾಡುತ್ತಿದ್ದ ಗೆಳತಿಗೆ ಫೋನ್ ಮಾಡಿ ಅತ್ತುಕೊಂಡೆ. ಅತ್ತ ಕಡೆ ಒಣ ಬೇಸಾಯ, ನೀರು ಅಂದರೆ ಕೊಳವೆಬಾವಿ.

"ನಿನ್ನ ಹುಡುಗ್ರು ಕಾಲುವಿತನಕಾದ್ರೂ ಬಂದಾವ" ಎಂದಳು ಅವಳು. "ನಮ್ಮಲ್ಲಿ ಒಬ್ಬಾಕಿ ಕೇಳಾಕತ್ಯಾಳ, ಆ ಸಣ್ಣ ಬೋರಿನ ಪೈಪಿನಾಗಿಂದ ಗಂಗಮ್ಮ ಕಿರೀಟ ಹಾಕ್ಕೊಂಡು ಹೆಂಗ ಮ್ಯಾಲ ಬರ್ತಾಳ್ರಿ ಅಂತ."

"ನೀ ಏನಂದಿ?"

"ಕಿರೀಟ ಕೈಯಾಗ ಹಿಡ್ಕೊಂಡು ಬರ್ತಾಳ ಅಂದೆ. ಇನ್ನೇನು ಹೇಳ್ಲಿ?"

೩. ನಾನೇ ಗಂಗಮ್ಮ

ಬಾಯಿಂದ ಹೇಳಿದರೆ ಆಗದು, ಮಾಡಿ ತೋರಿಸಬೇಕು ಎಂದು ತರಬೇತಿಯಲ್ಲಿ ಹೇಳಿದ್ದರು. ನಾನು ಮೇಜಿನ ಹಿಂದೆ ಬಗ್ಗಿ ಕುಳಿತೆ. ಮೇಜು ಅಂದರೆ ಹೊಳೆ ಎಂದು ತಿಳಿಯಬೇಕು. ಹುಡುಗನೊಬ್ಬ ತನ್ನ ತುಂಡು ಪೆನ್ಸಿಲನ್ನು ಮೇಜಿನಾಚೆ ಎಸೆದು ಅತ್ತ. ನಾನು ಎದ್ದೆ. ಹೊಸ ಪೆನ್ನು ತೋರಿಸಿದರೆ "ನಂದಲ್ರಿ" ಅಂದ. ಬಣ್ಣದ ಪೆನ್ಸಿಲ್ಲಿಗೂ "ನಂದಲ್ರಿ". ತುಂಡು ಪೆನ್ಸಿಲ್ ಬಂದಾಗ "ಇದು ನಂದ್ರಿ!" ಮೂರನ್ನೂ ಕೊಟ್ಟೆ. ಎಲ್ಲರೂ ಚಪ್ಪಾಳೆ ಹೊಡೆದರು. ಅಂತೂ ಕಥೆ ತಲೆಗೆ ಹೋಯಿತು ಎಂದು ಹಿಗ್ಗಿದೆ.

ಎಷ್ಟು ಹೋಗಿತ್ತು ಎನ್ನುವುದು ಮರುದಿನ ತಿಳಿಯಿತು. ಪ್ರಾರ್ಥನೆ ಮುಗಿಸಿ ಬರುವುದರೊಳಗೆ ನನ್ನ ಮೇಜಿನ ಹಿಂದೆ ಹನ್ನೊಂದು ಪೆನ್ಸಿಲ್ ಮತ್ತು ಒಂದು ಚಪ್ಪಲಿ ಬಿದ್ದಿದ್ದವು. ಮುಂದೆ ಹನ್ನೆರಡು ಮಕ್ಕಳು ಸಾಲಾಗಿ ನಿಂತು ಅಳುತ್ತಿದ್ದರು.

ಚಪ್ಪಲಿಯವನನ್ನು ಕೇಳಿದೆ, "ಲೇ, ಒಂದ ಒಗದೀಯಲ್ಲ, ಇನ್ನೊಂದು?"

ಅವನು ಕಣ್ಣೊರೆಸಿಕೊಂಡು ಹೇಳಿದ, "ಅದು ನಾಳಿಗೆ ರೀ ಟೀಚರ್."

೪. ಯಾರ ಪ್ರಶ್ನೆ ಯಾರದು?

ಇದನ್ನು ಬರೆಯಲು ನಾಚಿಕೆ, ಆದರೂ ಹೇಳುತ್ತೇನೆ. ತಿಂಗಳು ಮುಗಿಯುತ್ತ ಬಂದ ಹಾಗೆ ನನಗೆ ಭಯ ಹತ್ತಿತು. ಸಾಹೇಬರು ಏನು ಕೇಳಬಹುದು ಎಂದು ಯೋಚಿಸಿ ಮೂರು ಪ್ರಶ್ನೆ ಮಾಡಿದೆ. ಮೂವರು ಮಕ್ಕಳಿಗೆ ಒಂದೊಂದು ಹಂಚಿ, "ಇದು ನಿಂದು, ಇದು ನಿಂದು, ಇದು ನಿಂದು. ನಿಮ್ಮ ನಿಮ್ಮದು ಬಂದಾಗ ಕೈ ಎತ್ರಿ" ಎಂದು ಉತ್ತರ ಬಾಯಿಪಾಠ ಮಾಡಿಸಿದೆ. ಪ್ರಾಮಾಣಿಕತೆಯ ಪಾಠಕ್ಕೆ ಇಂಥ ತಯಾರಿ ಮಾಡಬಾರದಿತ್ತು. ಮಾಡಿದೆ.

ಸಾಹೇಬರು ಬಂದರು. ನಾನು ಎಣಿಸಿದ್ದ ಪ್ರಶ್ನೆಗಳೇ ಬಂದವು. ಆದರೆ ಅವರು ಯಾರೂ ಕೈ ಎತ್ತುವುದನ್ನು ಕಾಯಲಿಲ್ಲ. ಹಿಂದಿನ ಸಾಲಿನ ಪುಟ್ಟ ಹುಡುಗಿಗೆ ಬೆರಳು ತೋರಿಸಿದರು. ಅವಳ ಪಾಲಿಗೆ ಇದ್ದದ್ದು ಮೂರನೇ ಪ್ರಶ್ನೆ.

"ಹೇಳವ್ವ, ಬಡವ ಯಾಕ ಅತ್ತ?"

ಅವಳು ಎದ್ದು ಕೈಕಟ್ಟಿ ಹೇಳಿದಳು, "ಅದು ನಂದಲ್ರಿ ಸರ್."

"ಯಾವುದು ನಿಂದಲ್ಲ?"

"ಆ ಪ್ರಶ್ನಿ ರೀ. ಅದು ಮುಂದಿನ ಸಾಲಿನಾಕಿದ್ರಿ. ಆಕಿ ಮದುವಿಗಂತ ಲಿಂಗಸುಗೂರಿಗೆ ಹೋಗ್ಯಾಳ."

ನಾನು ಮೇಲೆ ತಿರುಗುತ್ತಿದ್ದ ಫ್ಯಾನು ನೋಡುತ್ತ ನಿಂತೆ. ಸಾಹೇಬರು ನನ್ನನ್ನೊಮ್ಮೆ ನೋಡಿ, ಮತ್ತೆ ಅವಳನ್ನೇ ಕೇಳಿದರು, "ಇರ್ಲಿ. ಬಂಗಾರದ ಕೊಡ್ಲಿ ಅಂವ ಯಾಕ ತಗೊಳ್ಳಲಿಲ್ಲ?"

"ಅದೂ ನಂದಲ್ರಿ. ಇವಂದ್ರಿ." ಪಕ್ಕದ ಹುಡುಗ ಆಗಲೇ ಎದ್ದು ಬಾಯಿ ತೆರೆದಿದ್ದ. ಸಾಹೇಬರು ಕೈ ಮಾಡಿ ಕೂರಿಸಿದರು.

"ಹಂಗಾರ ಗಂಗಮ್ಮ ಮೂರೂ ಕೊಡ್ಲಿ ಯಾಕ ಕೊಟ್ಳು?"

ಹುಡುಗಿಯ ಮುಖ ಅರಳಿತು. "ಹಾಂ, ಇದು ನಂದ್ರಿ ಸರ್! ಅಂವ ತನ್ನದಲ್ಲದ್ದನ್ನ ತನ್ನದು ಅನ್ನಲಿಲ್ಲ, ಅದಕ್ರಿ."

ಸಾಹೇಬರು ಕರವಸ್ತ್ರ ತೆಗೆದು ಮುಖ ಮುಚ್ಚಿಕೊಂಡರು. ಕೆಮ್ಮು ಅಂದುಕೊಂಡೆ. ಹೆಗಲು ಅಲುಗುವುದನ್ನು ನೋಡಿದ ಮೇಲೆ ನಗು ಎಂದು ತಿಳಿಯಿತು. ಹುಡುಗಿ ಮಾತ್ರ ಇನ್ನೂ ನಿಂತೇ ಇದ್ದಳು.

"ಕೂಡವ್ವ, ಮುಗೀತು" ಎಂದರು.

"ಉಳದ ಎರಡು ಪ್ರಶ್ನಿ ನನಗ ಕೊಡೂದಿಲ್ಲೇನ್ರಿ ಸರ್?"

ಸಾಹೇಬರು ಹೋದ ಮೇಲೆ ಸಂದರ್ಶನ ಪುಸ್ತಕ ತೆರೆದೆ. ಹಳೆಯ ಮಾತಿನ ಕೆಳಗೆ ದುಂಡಗೆ ಬರೆದಿದ್ದರು: "ಮಕ್ಕಳಿಗೆ ಕಥೆ ಚೆನ್ನಾಗಿ ಅರ್ಥವಾಗಿದೆ. ಇನ್ನು ಶಿಕ್ಷಕಿಗೆ ಆಗಬೇಕು."