ಒಂದು ಮೂವತ್ತೈದರ ಫೋನು

ನಮ್ಮ ಮನೆಯಲ್ಲಿ ಯಾವ ವಸ್ತುವೂ ನಿವೃತ್ತಿಯಾಗುವುದಿಲ್ಲ, ನನಗೆ ವರ್ಗವಾಗುತ್ತದೆ. ನಮ್ಮನೆಯವರ ಹಳೆಯ ಷರಟು ನನ್ನ ಒರೆಸುವ ಬಟ್ಟೆ. ಅವರ ಹಳೆಯ ಡೈರಿಯಲ್ಲಿ ಖಾಲಿ ಉಳಿದ ಡಿಸೆಂಬರ್ ತಿಂಗಳಿಡೀ ನನ್ನ ಉಪ್ಪಿನಕಾಯಿಯ ಅಳತೆಗಳು. ಅವರ ಕನ್ನಡಕದ ಡಬ್ಬಿಯಲ್ಲಿ ನನ್ನ ಸೇಫ್ಟಿ ಪಿನ್ನುಗಳು ಸಂಸಾರ ಮಾಡಿಕೊಂಡಿವೆ. ಇದನ್ನು ದೂರು ಎಂದು ತಿಳಿಯಬೇಡಿ. ಹಳೆಯ ವಸ್ತುವಿಗೆ ಮನೆಯ ಅಭ್ಯಾಸ ಇರುತ್ತದೆ, ಹೊಸದರ ಹಾಗೆ ನಮ್ಮನ್ನು ಗಾಬರಿಪಡಿಸುವುದಿಲ್ಲ ಎಂದೇ ನಾನು ನಂಬಿದ್ದೆ, ಅವರ ಹಳೆಯ ಮೊಬೈಲ್ ಫೋನು ವರ್ಗವಾಗಿ ನನ್ನ ಕೈಗೆ ಬರುವವರೆಗೆ.

ಚಾಮರಾಜಪೇಟೆಯ ಈ ಮನೆಯಲ್ಲಿ ನಾವಿಬ್ಬರೇ. ಮಕ್ಕಳಿಲ್ಲ. ಅದು ಬೇರೆ ವಿಷಯ, ಈ ಬರಹದ್ದಲ್ಲ. ನಮ್ಮನೆಯವರು ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟು. ಒಂಬತ್ತೂವರೆಗೆ ಊಟದ ಡಬ್ಬಿ ಹಿಡಿದು ಹೊರಟರೆ ಮತ್ತೆ ಕಾಣುವುದು ಸಂಜೆ ಏಳಕ್ಕೆ. ಕೆಲಸದಾಕೆ ಹನ್ನೊಂದಕ್ಕೆ ಹೋದ ಮೇಲೆ ಮನೆಯಲ್ಲಿ ಬಾಯಿ ಬಿಡುವುದು ಕುಕ್ಕರ್ ಮತ್ತು ನಾನು. ಕುಕ್ಕರ್ ಮೂರು ಸಲ, ನಾನು ಅಷ್ಟೂ ಇಲ್ಲ. ಆಮೇಲೆ ಬಿಸಿಲು ಕಿಟಕಿಯ ಸರಳುಗಳನ್ನು ಹಜಾರದ ಕೆಂಪು ನೆಲದ ಮೇಲೆ ಗೀಚಿ ನಿಧಾನವಾಗಿ ಸರಿಯುತ್ತದೆ. ಮೊದಲ ಸರಳು ಟೆಲಿಫೋನ್ ಸ್ಟೂಲಿನ ಕಾಲನ್ನು ಮುಟ್ಟಿತೆಂದರೆ ಗಂಟೆ ಒಂದೂವರೆ. ಇನ್ನೈದು ನಿಮಿಷಕ್ಕೆ ಫೋನು ಬರುತ್ತಿತ್ತು.

"ಊಟ ಆಯ್ತಾ?"

"ಆಯ್ತು. ನಿಮ್ದು?"

"ಈಗ ಡಬ್ಬಿ ತೆಗೀತಿದೀನಿ. ಏನ್ ಪಲ್ಯ?"

"ಬೀನ್ಸು."

"ಸರಿ, ಇಡ್ಲಾ?"

ಮುಗಿಯಿತು. ಡಬ್ಬಿ ಅವರ ಮುಂದೆಯೇ ಇರುತ್ತಿತ್ತು. ಮುಚ್ಚಳ ಎತ್ತಿದರೆ ಗೊತ್ತಾಗುವುದನ್ನು ಫೋನು ಮಾಡಿ ನನ್ನನ್ನು ಕೇಳುತ್ತಿದ್ದರು. ನನಗೆ ಇಷ್ಟವಾದದ್ದು ಅದೇ. ಎರಡು ವರ್ಷದ ಹಿಂದೆ ನನಗೆ ಟೈಫಾಯಿಡ್ ಬಂದಾಗ ಶುರುವಾದ ಫೋನು ಅದು. ಆಗ "ಗಂಜಿ ಕುಡಿದ್ಯಾ?" ಎಂದಿತ್ತು, ಜ್ವರ ಬಿಟ್ಟ ಮೇಲೆ "ಊಟ ಆಯ್ತಾ?" ಎಂದಾಯಿತು. ಪಕ್ಕದ ಮನೆಯ ವಿಶಾಲಮ್ಮನ ಮನೆಯಲ್ಲಿ ಹದಿಮೂರು ಜನ, ಚಿಕ್ಕಪೇಟೆಯಲ್ಲಿ ಬಟ್ಟೆ ಅಂಗಡಿ. ಕರಿಬೇವು ಕೇಳಲು ಬಂದಾಗ ಒಮ್ಮೆ ನನ್ನ ಫೋನು ಕೇಳಿಸಿಕೊಂಡು, "ಪುಣ್ಯ ಮಾಡಿದೀರ ಕಣ್ರೀ. ನಮ್ಮನೆಯವ್ರು ಪಕ್ಕದ ರೂಮಿಂದ ಹೆಸರು ಹಿಡಿದು ಕೂಗೋದೂ ಇಲ್ಲ, ಕೆಮ್ತಾರೆ. ಒಂದ್ ಕೆಮ್ಮು ಅಂದ್ರೆ ಕಾಫಿ, ಎರಡು ಕೆಮ್ಮು ಅಂದ್ರೆ ಟವೆಲ್ಲು" ಅಂದಿದ್ದರು. ಆ ದಿನ ಅವರಿಗೆ ಎರಡು ಕಡ್ಡಿ ಕರಿಬೇವು ಹೆಚ್ಚಿಗೆ ಕೊಟ್ಟು ಕಳಿಸಿದ್ದೆ.

ಹೀಗಿರುವಾಗ ಇವರು ಬಣ್ಣದ ತೆರೆಯ ಹೊಸ ಮೊಬೈಲ್ ಕೊಂಡರು. ಹಳೆಯದರಿಂದ ಸಿಮ್ ತೆಗೆದರು, ನನಗೊಂದು ಬೇರೆ ಸಿಮ್ ಹಾಕಿದರು, "ತೊಗೋ, ನಿನಗೂ ಒಂದಾಯ್ತು" ಎಂದು ಕೊಟ್ಟರು. ಅದು ಬೂದುಬಣ್ಣದ ಪುಟ್ಟ ತೆರೆಯ, ಅಂಕಿಗಳು ಅರ್ಧ ಅಳಿಸಿಹೋದ, ಅವರ ಜೇಬಿನ ಆಕಾರಕ್ಕೆ ಸವೆದ ಫೋನು. ಸಿಮ್ಮಿನ ಜೊತೆ ಎಲ್ಲವೂ ಹೊಸದಕ್ಕೆ ಬಂದುಬಿಟ್ಟಿತು ಎಂದು ಅವರ ಲೆಕ್ಕ. ಹೆಸರು, ನಂಬರುಗಳೇನೋ ಬಂದಿದ್ದವು. ಬರದೆ ಉಳಿದದ್ದು ಏನು ಎಂಬುದು ಸೋಮವಾರ ಮಧ್ಯಾಹ್ನ ನನಗೆ ತಿಳಿಯಿತು.

ಒಂದು ಮೂವತ್ತೈದಕ್ಕೆ ಸರಿಯಾಗಿ ಅಡುಗೆಮನೆಯ ಕಟ್ಟೆಯ ಮೇಲೆ ಮೊಬೈಲ್ ಕಿಣಿಕಿಣಿ ಅಂದಿತು. ಈಗ ಮೊಬೈಲಿಗೇ ಮಾಡುತ್ತಿದ್ದಾರೆ, ಎಷ್ಟು ಚೆನ್ನ ಎಂದು ಸೆರಗಿಗೆ ಕೈ ಒರೆಸಿಕೊಂಡು ಓಡಿದೆ. "ಹಲೋ" ಎಂದೆ. ಆ ಕಡೆ ಯಾರೂ ಇಲ್ಲ. ತೆರೆ ನೋಡಿದರೆ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಎರಡೇ ಪದ: ಕಾಲ್ ಹೋಮ್. ಮನೆಗೆ ಫೋನು ಮಾಡು. ನಾನು ಮನೆಯಲ್ಲೇ ಇದ್ದೆನಲ್ಲ! ಹಜಾರಕ್ಕೆ ಹೋಗಿ ಲ್ಯಾಂಡ್‌ಲೈನಿನ ಮುಂದೆ ನಿಂತೆ. ಅದು ಸುಮ್ಮನಿತ್ತು. ಕೆಟ್ಟಿರಬಹುದೆಂದು ಎತ್ತಿದರೆ ಗುಂಯ್ ಎನ್ನುವ ಆರೋಗ್ಯವಂತ ಶಬ್ದ. ಮಂಗಳವಾರವೂ ಹಾಗೆಯೇ. ಬುಧವಾರ ಕನ್ನಡಕ ಹಾಕಿಕೊಂಡು ಕೂತು ಆ ಫೋನಿನ ಹೊಟ್ಟೆಯೊಳಗೆ ಇಳಿದೆ.

ಅದರ ಕ್ಯಾಲೆಂಡರಿನಲ್ಲಿ ನಮ್ಮನೆಯವರ ಇಡೀ ಬದುಕು ಸಾಲಾಗಿ ಕೂತಿತ್ತು. ತಿಂಗಳಿಗೊಮ್ಮೆ ಕಟಿಂಗ್, ಮೂರು ತಿಂಗಳಿಗೊಮ್ಮೆ ಬಿ.ಪಿ. ಪರೀಕ್ಷೆ. ವರ್ಷಕ್ಕೊಮ್ಮೆ 'ವೈಫ್ ಬರ್ತ್‌ಡೇ, ಮೈಸೂರ್‌ಪಾಕ್ ಅರ್ಧ ಕೆಜಿ.' ಕಾಲು ಕೆಜಿ ತರಲೋ ಅರ್ಧವೋ ಎಂದು ಅಂಗಡಿಯ ಮುಂದೆ ಗೊಂದಲವಾಗಬಾರದಲ್ಲ. ಅದರ ಕೆಳಗೆ ಈ ಕಾಲ್ ಹೋಮ್ ಅಲಾರಂ. ಆ ಫೋನಿನಲ್ಲಿ ಪ್ರತಿದಿನ, ಪ್ರತಿವಾರ, ಪ್ರತಿವರ್ಷ ಎಂದು ಮಾತ್ರ ಹೇಳಬಹುದು, ಭಾನುವಾರ ಬಿಟ್ಟು ಎಂದು ಹೇಳಲು ಬರುವುದಿಲ್ಲ. ಅದಕ್ಕೆ ಇವರು ಸೋಮವಾರಕ್ಕೊಂದು, ಮಂಗಳವಾರಕ್ಕೊಂದು ಎಂದು ಶನಿವಾರದವರೆಗೆ ಬೇರೆ ಬೇರೆ ಆರು ಮಾಡಿ, ಆರಕ್ಕೂ ಪ್ರತಿವಾರ ಎಂದು ಹಾಕಿದ್ದರು. ಒಂದೂವರೆಗೆ ಊಟದ ವಿರಾಮ, ಕೈ ತೊಳೆದು ಬರಲು ಐದು ನಿಮಿಷ, ಆಮೇಲೆ ಹೆಂಡತಿ. ಕಚೇರಿಯಲ್ಲಿ ಇವರ ಕಡತಗಳಿಗೆ ಯಾಕಷ್ಟು ಹೆಸರು ಎಂದು ಆಗ ಅರ್ಥವಾಯಿತು. ನನ್ನ ಜ್ವರ ಇಪ್ಪತ್ತು ದಿನಕ್ಕೆ ಬಿಟ್ಟಿತ್ತು, ಈ ಆರು ಮಾತ್ರ ಎರಡು ವರ್ಷವಾದರೂ ಬಿಟ್ಟಿರಲಿಲ್ಲ.

ಅವತ್ತು ಸಂಜೆ ಕಾಫಿ ಕೊಡುತ್ತಾ ಸುಮ್ಮನೆ ಕೇಳಿದೆ, "ಆಫೀಸಲ್ಲಿ ಕೆಲಸ ಜಾಸ್ತೀನಾ ಈಗ?"

"ಏನಿಲ್ವಲ್ಲ. ಯಾಕೆ?"

"ಹಂಗೇ ಕೇಳ್ದೆ."

ಫೋನು ನಿಂತುಹೋದದ್ದು ಅವರಿಗೆ ಗೊತ್ತೇ ಇರಲಿಲ್ಲ. ಬೇಕೆಂದು ಬಿಟ್ಟಿದ್ದರೆ ಜಗಳವಾದರೂ ಆಡಬಹುದಿತ್ತು. ಹೇಳಿಬಿಡೋಣವೆಂದು ಬಾಯಿಯವರೆಗೆ ಬಂತು. ಆದರೆ "ನನಗೆ ದಿನಾ ಫೋನ್ ಮಾಡಿ" ಎಂದು ಐವತ್ತರ ಹೆಂಗಸು ಹೇಗೆ ಕೇಳುವುದು? ಮೊಬೈಲ್ ನೆನಪಿಸಿದರೆ ಸರಿ, ಹೆಂಡತಿ ನೆನಪಿಸಿದರೆ ಅದು ಬೇರೆಯದೇ ಆಗಿಬಿಡುತ್ತದೆ.

ಮರುದಿನ ಅದು ಕಿಣಿಕಿಣಿ ಅಂದಾಗ ನಾನೇ ಅದರ ಮಾತು ನಡೆಸಿಕೊಟ್ಟೆ. ಮೊಬೈಲಿನಿಂದ ನಮ್ಮ ಮನೆಯ ನಂಬರ್ ಒತ್ತಿದೆ. ಹಜಾರದಲ್ಲಿ ಲ್ಯಾಂಡ್‌ಲೈನು ಟ್ರಿಣ್ ಟ್ರಿಣ್ ಎಂದು ತುಂಬುಕಂಠದಿಂದ ಹಾಡಿತು. ಅಡುಗೆಮನೆಯಲ್ಲಿ ನಿಂತು ಕೇಳಿದೆ. ಬಹಳ ಚೆನ್ನಾಗಿತ್ತು. ಗೋಡೆಯಾಚೆಯಿಂದ ವಿಶಾಲಮ್ಮ, "ಏನ್ರೀ, ಫೋನು ಬಡ್ಕೋತಿದೆ, ಎತ್ಬಾರ್ದಾ? ಪಾಪ, ಯಜಮಾನ್ರು ಕಾಯ್ತಿರ್ತಾರೆ!" ಎಂದು ಕೂಗಿದರು. ನಾಚಿಕೆಯಾಗಿ ಹೋಗಿ ಎತ್ತಿದೆ. ಎರಡು ಕಿವಿಗೂ ಒಂದೊಂದು ಫೋನು, ಎರಡರಲ್ಲೂ ನನ್ನದೇ ಉಸಿರು. ವಿಶಾಲಮ್ಮನಿಗೆ ಕೇಳಿಸಲಿ ಎಂದು "ಬೀನ್ಸು" ಎಂದು ಗಟ್ಟಿಯಾಗಿ ಹೇಳಿ ಇಟ್ಟೆ.

ಇದು ಹೀಗೇ ಮುಂದುವರಿದರೆ ಒಳ್ಳೆಯದಲ್ಲ ಅನ್ನಿಸಿ ಶುಕ್ರವಾರ ನಾನೇ ಅವರಿಗೆ ಫೋನು ಮಾಡಿದೆ.

"ಹಲೋ? ಏನಾಯ್ತು?" ಅವರ ದನಿಯಲ್ಲಿ ಗಾಬರಿ. "ಗ್ಯಾಸ್ ಲೀಕಾ?"

"ಇಲ್ಲ ರೀ. ಊಟ ಆಯ್ತಾ ಅಂತ ಕೇಳೋಣ ಅಂತ."

"ಅಷ್ಟೇನಾ? ಬಿದ್ದುಗಿದ್ದು ಏನೂ ಇಲ್ವಲ್ಲ?"

"ಇಲ್ಲ."

"ಹೆದರಿಸಿಬಿಟ್ಟೆ ಕಣೇ. ಇಡು."

ಇಟ್ಟೆ. ಆಮೇಲಿನ ವಾರ ನನ್ನ ಅಪರಾಧದ ವಾರ. ಬುಧವಾರದವರೆಗೆ ಧೈರ್ಯ ಬರಲಿಲ್ಲ. ಗುರುವಾರ ಬೆಳಿಗ್ಗೆ ಅವರು ಸ್ನಾನಕ್ಕೆ ಹೋದರು. ಅವರ ಸ್ನಾನವೆಂದರೆ ಎರಡು ಬಕೆಟ್ ನೀರು, ಒಂದು ಸ್ತೋತ್ರ. ಸ್ತೋತ್ರ ಮುಗಿಯುವುದರೊಳಗೆ ಹೊಸ ಮೊಬೈಲಿನ ಕ್ಯಾಲೆಂಡರ್ ಹುಡುಕಿ, ಒಂದೊಂದು ಅಕ್ಷರಕ್ಕೆ ಎರಡು ಮೂರು ಸಲ ಗುಂಡಿ ಒತ್ತಿ, ಒಂದು ಮೂವತ್ತೈದಕ್ಕೆ ಮನೆಗೆ ಫೋನು ಮಾಡಬೇಕೆಂದು ಬರೆದೆ. ಆರು ದಿನಕ್ಕೆ ಆರು ಮಾಡಲು ನಾನೇನು ಸೂಪರಿಂಟೆಂಡೆಂಟೇ? ಪ್ರತಿದಿನ ಎಂದು ಒಂದೇ ಏಟಿಗೆ ಮುಗಿಸಿದೆ. ಸ್ತೋತ್ರದ ಕೊನೆಯ ಸಾಲು ಬರುವಾಗ ಫೋನು ಷರಟಿನ ಜೇಬಿನಲ್ಲಿತ್ತು, ನಾನು ಒಲೆಯ ಮುಂದಿದ್ದೆ.

ಮಧ್ಯಾಹ್ನ ಒಂದು ಮೂವತ್ತೈದಕ್ಕೆ ಲ್ಯಾಂಡ್‌ಲೈನು ಕೂಗಿತು. "ಊಟ ಆಯ್ತಾ?" "ಆಯ್ತು." "ಏನ್ ಪಲ್ಯ?" "ಗೋರಿಕಾಯಿ." "ಸರಿ, ಇಡ್ಲಾ?" ಶುಕ್ರವಾರವೂ ಬಂತು, ಶನಿವಾರವೂ. ನಾನೇ ಕೀಲಿ ಕೊಟ್ಟು ಬಿಟ್ಟ ಬೊಂಬೆ ಎಂದು ಗೊತ್ತಿದ್ದೂ ಅದು ಕುಣಿದಾಗ ಚಪ್ಪಾಳೆ ತಟ್ಟುವ ಹಾಗೆ ಖುಷಿಯಾಯಿತು. ಹೇಳಿಕೊಳ್ಳುವಂಥದ್ದಲ್ಲ, ನಿಮಗೆ ಹೇಳುತ್ತಿದ್ದೇನೆ.

ಆಮೇಲೆ ಭಾನುವಾರ ಬಂತು. ಪ್ರತಿದಿನ ಎಂದರೆ ಭಾನುವಾರವೂ ಸೇರುತ್ತದೆ ಎಂಬುದು ಒಲೆಗೂ ಸ್ನಾನದಮನೆಗೂ ನಡುವೆ ನನಗೆ ಹೊಳೆದಿರಲಿಲ್ಲ. ಇವರು ಊಟಕ್ಕೆ ಕೂತಿದ್ದರು, ನಾನು ಹುಳಿಯ ಸೌಟು ಹಿಡಿದು ನಿಂತಿದ್ದೆ. ಫ್ರಿಜ್ಜಿನ ಮೇಲಿಂದ ಮೊಬೈಲ್ ಕೂಗಿತು. ಎಡಗೈಯಲ್ಲಿ ತೆಗೆದುಕೊಂಡು ಓದಿದರು.

"ಏನಂತೆ ರೀ?" ಎಂದೆ, ಆದಷ್ಟು ಅಮಾಯಕಳಾಗಿ.

"ಫೋನ್ ಮಾಡ್ಬೇಕಂತೆ."

"ಯಾರಿಗೆ?"

"ಮನೆಗೆ." ತೆರೆಯನ್ನು ನನ್ನ ಕಡೆ ತಿರುಗಿಸಿದರು. "ಇದ್ರಲ್ಲಿ ಪ್ಲೀಸ್ ಅಂತ ಬೇರೆ ಇದೆ."

"ಇದ್ರೆ ಏನೀಗ?"

"ನನಗೆ ನಾನೇ ಪ್ಲೀಸ್ ಅಂತ ಬರ್ಕೋತೀನೇನೇ? ಇಪ್ಪತ್ತೆಂಟು ವರ್ಷದ ಸರ್ವೀಸಲ್ಲಿ ಮೇಲಿನೋರಿಗೂ ಪ್ಲೀಸ್ ಅಂದಿಲ್ಲ ನಾನು."

ತಪ್ಪು ನನ್ನದಲ್ಲ, ನಾನು ಓದಿದ ಕಾನ್ವೆಂಟಿನದು. ಅಲ್ಲಿ ಪ್ಲೀಸ್ ಇಲ್ಲದೆ ಕೇಳಿದರೆ ಸಿಸ್ಟರ್ ಕುಡಿಯುವ ನೀರಿಗೂ ಬಿಡುತ್ತಿರಲಿಲ್ಲ. ಸ್ತೋತ್ರ ಮುಗಿಯುತ್ತಿದ್ದ ಅವಸರದಲ್ಲೂ, ಕಳ್ಳಕೆಲಸದಲ್ಲೂ, ಆ ಒಂದು ಪದಕ್ಕೆ ಹದಿಮೂರು ಸಲ ಗುಂಡಿ ಒತ್ತಿದ್ದೆ.

"ಯಾವಾಗ ಗೊತ್ತಾಯ್ತು ನಿಮಗೆ?"

"ಗುರುವಾರಾನೇ."

"ಮತ್ತೆ ಮೂರು ದಿನ ಸುಮ್ನೆ ಮಾಡಿದ್ರಿ?"

"ಪ್ಲೀಸ್ ಅಂದ್ರೆ ಇನ್ನೇನ್ ಮಾಡ್ಲಿ?"

ಸೌಟಿನಿಂದ ಹುಳಿ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. "ತೆಗೆದುಬಿಡಿ ಅದನ್ನ," ಎಂದೆ.

"ಇರ್ಲಿ ಬಿಡೇ. ತೆಗೆದ್ರೆ ಮರೀತೀನಿ. ನನ್ನ ಬುದ್ಧಿ ನನಗೆ ಗೊತ್ತಿಲ್ವಾ." ಅದು ತಮಾಷೆಯಾಗಿರಲಿಲ್ಲ, ಕಚೇರಿಯ ವರದಿಯಷ್ಟೇ ನಿಜವಾಗಿತ್ತು. ಆಮೇಲೆ ಮೊಬೈಲನ್ನು ಕಿವಿಗೆ ಹಿಡಿದು ನಾಟಕವಾಡಿದರು: "ಹಲೋ, ಊಟ ಆಯ್ತಾ?"

"ಆಯ್ತು," ಎಂದುಬಿಟ್ಟೆ, ಅಭ್ಯಾಸಬಲದಿಂದ.

ಅವರು ಪಾತ್ರೆಯ ಸ್ಟ್ಯಾಂಡಿನ ಕಡೆ ನೋಡಿದರು. ನನ್ನ ತಟ್ಟೆ ತೊಳೆದಿಟ್ಟ ಹಾಗೆಯೇ ಅಲ್ಲಿ ನಿಂತಿತ್ತು. "ದಿನಾನೂ ಹಿಂಗೇನಾ?" ಎಂದರು. ನಾನು ನೆಲ ಒರೆಸಲು ಬಟ್ಟೆ ಹುಡುಕಿದೆ. ನಿಜ ಹೇಳಬೇಕೆಂದರೆ ಈ ಎರಡು ವರ್ಷದಲ್ಲಿ ಒಂದು ಮೂವತ್ತೈದಕ್ಕೆ ಮೊದಲು ನಾನು ಒಂದು ದಿನವೂ ಊಟ ಮಾಡಿದವಳಲ್ಲ. ಬಾಯಲ್ಲಿ ತುತ್ತಿದ್ದಾಗ ಫೋನು ಬಂದುಬಿಟ್ಟರೆ?

"ತಟ್ಟೆ ತೊಗೊಂಡ್ ಬಾ," ಎಂದರು. ಎದುರು ಬದುರು ಕೂತು ಉಂಡೆವು. ಮಾತೇನೂ ಹೊಳೆಯಲಿಲ್ಲ. ಕೊನೆಗೆ ಅವರೇ, ಬಾಯ್ತುಂಬ ಅಗಿಯುತ್ತಾ, "ಏನ್ ಪಲ್ಯ ಇದು?" ಎಂದು ಕೇಳಿದರು.

ಊಟವಾದ ಮೇಲೆ ನನ್ನ ಹಳೆಯ ಮೊಬೈಲ್ ತೆಗೆದುಕೊಂಡು ತಮ್ಮ ಆರನ್ನೂ ಅಳಿಸಿದರು. ಒಂದು ಗಂಟೆಗೆ ಊಟ ಮಾಡು ಎಂದು ದೊಡ್ಡಕ್ಷರದ ಆಜ್ಞೆ ಬರೆದರು, ಅದೂ ಸೋಮವಾರದಿಂದ ಶನಿವಾರದವರೆಗೆ ಬೇರೆ ಬೇರೆ ಆರು. ಈಗ ದಿನಾ ಒಂದಕ್ಕೆ ಅದು ಕೂಗುತ್ತದೆ. ಹತ್ತು ನಿಮಿಷ ಮುಂದಕ್ಕೆ ಹಾಕುವ ಗುಂಡಿ ಒತ್ತುತ್ತೇನೆ. ಮತ್ತೆ ಕೂಗುತ್ತದೆ, ಮತ್ತೆ ಒತ್ತುತ್ತೇನೆ. ಮೂರು ಸಲ ಒತ್ತಿದರೆ ಒಂದೂವರೆ. ಇನ್ನೈದು ನಿಮಿಷಕ್ಕೆ ಲ್ಯಾಂಡ್‌ಲೈನು. "ಊಟ ಆಯ್ತಾ?" ಎನ್ನುತ್ತಾರೆ. ಸುಳ್ಳು ಹೇಳುವುದನ್ನು ಬಿಟ್ಟಿದ್ದೇನೆ. "ಇನ್ನೂ ಇಲ್ಲ" ಎಂದರೆ "ಯಾಕೆ?" ಎಂದು ಕೇಳುತ್ತಾರೆ, ಅಲಾರಂ ಹೊಡೀಲಿಲ್ವಾ ಎಂದು ವಿಚಾರಿಸುತ್ತಾರೆ, ಸ್ವಲ್ಪ ಬೈಯುತ್ತಾರೆ. ಹಾಗಾಗಿ ಮಾತು ಪೂರಾ ಒಂದು ನಿಮಿಷ ಹೆಚ್ಚಿಗೆ ನಡೆಯುತ್ತದೆ.