ಲಾಕ್ ಒಡೆಸಿದ ಫೋನುಗಳ ಸಮಿತಿ

ಹೋರಾಟ ಅಂದರೆ ಬರೀ ಕೂಗಾಟ, ಧಿಕ್ಕಾರ, ಲಾಠಿ ಅಂದುಕೊಂಡವರು ಒಂದು ದಿನ ನಮ್ಮ ಸಮಿತಿಯಲ್ಲಿ ಬಂದು ಕೂರಬೇಕು. ಸಿಟ್ಟು ಮಾಡಿಕೊಳ್ಳೋಣ ಅಂತ ಬಾಯಿ ತೆರೆದಾಗೆಲ್ಲ ನಗು ಬರಿಸುವಂಥದ್ದು ಏನಾದರೂ ಒಂದು ನಡೆದೇ ನಡೆಯುತ್ತಿತ್ತು.

ನಮ್ಮದು ಮಾಗಡಿ ಕಡೆಯ ತಿಪ್ಪಸಂದ್ರದ ಆಚೆಯ ಸಣ್ಣ ಊರು. ಊರಿನ ದನ ಮೇಯುವ ಗೋಮಾಳದ ಮೇಲೆ ಕಾರ್ಖಾನೆಯವರ ಕಣ್ಣು ಬಿದ್ದಿತ್ತು. ಸರ್ವೆಯವರು ಬಂದಾಗ ಅಲ್ಲಿ ಯಾರೂ ಇಲ್ಲದಿದ್ದರೆ 'ಖಾಲಿ ಜಮೀನು, ತಕರಾರಿಲ್ಲ' ಎಂದು ಬರೆದುಕೊಂಡು ಹೋಗುತ್ತಾರೆ. ಆಮೇಲೆ ಎಷ್ಟು ಬಾಯಿ ಬಡಿದುಕೊಂಡರೂ ಅಷ್ಟೇ. ಹಾಗಾಗಿ ಜೀಪು ಮೇನ್ ರೋಡಿಗೆ ಬಂದ ತಕ್ಷಣ ಊರಿಗೆ ಸುದ್ದಿ ಮುಟ್ಟಬೇಕಿತ್ತು. ನನ್ನ ಫೋನು ಒಂದರಿಂದಲೇ ಆಗುವ ಕೆಲಸವಲ್ಲ. ಅದಕ್ಕೆ ಎಕ್ಸ್‌ಟ್ರಾ ಲೈನ್ ಬೇಕಾಯಿತು.

ಟೀನೂ ಕೊಟ್ರು

ಮೂರು ಹಳೇ ಫೋನು ಕೊಟ್ಟವರು ರಾಮನಗರದ ಒಬ್ಬ ರೀಲರ್. ನಾನು ಮಾರ್ಕೆಟ್ಟಿಗೆ ತರುವ ರೇಷ್ಮೆ ಗೂಡು ಕೊಂಡು ನೂಲು ತೆಗೆಯುವ ಭಾಯಿ. ಕಾಸು ಕೊಟ್ಟು ಕೊಂಡ ಫೋನಿಗೆ ಬೇರೆ ಸಿಮ್ ಹಾಕಬಾರದು ಅಂತ ಕಂಪನಿಯವನು ಲಾಕ್ ಹಾಕಿ ಮಾರುವುದು ಯಾವ ನ್ಯಾಯ? ಭಾಯಿ ಚನ್ನಪಟ್ಟಣದ ಅಂಗಡಿಯಲ್ಲಿ ಮೂರಕ್ಕೂ ಲಾಕ್ ತೆಗೆಸಿ ತಂದಿದ್ದರು. "ಲಾಕ್ ಒಡ್ಸಿದೀನಿ ಗೌಡ್ರೆ, ಯಾವ ಸಿಮ್ ಹಾಕಿದ್ರೂ ನಡೀತದೆ" ಅಂದರು.

ಮಾಗಡಿ ಬಸ್ಸಿನಲ್ಲಿ ಪಕ್ಕದವನು, "ಏನಣ್ಣಾ ಇಷ್ಟೊಂದು ಫೋನು?" ಅಂದ.

"ಲಾಕ್ ಒಡ್ಸಿದ್ದು" ಅಂದೆ, ಹೆಮ್ಮೆಯಿಂದ.

ಅವನ ಕೈ ತಾನಾಗಿ ತನ್ನ ಜೇಬಿನ ಮೇಲೆ ಹೋಯಿತು. ಮುಂದಿನ ಸೀಟಿನಿಂದ ಒಬ್ಬ ಪೊಲೀಸಪ್ಪ ತಿರುಗಿದ.

"ಎಲ್ಲಿ ಒಡೆದೆ?"

"ರಾಮನಗರದಲ್ಲಿ ಭಾಯಿ ಮನೆಯಿಂದ ತಂದೆ."

"ಅವ್ರು ಮನೇಲಿ ಇರ್ಲಿಲ್ವಾ?"

"ಇದ್ರಲ್ಲ ಸಾರ್. ಟೀನೂ ಕೊಟ್ರು."

ಸಿಮ್ಮು ಯಾಕ್ಲಾ

ಒಂದು ಫೋನನ್ನು ಸಮಿತಿಯ ಅಧ್ಯಕ್ಷರಿಗೆ ಕೊಟ್ಟೆವು. ಅವರು ಅದನ್ನು ಬೆಲ್ಟಿನ ಎಡಕ್ಕೆ ಸಿಕ್ಕಿಸಿಕೊಂಡರು; ಬಲಕ್ಕೆ ತಮ್ಮದು ಇದ್ದೇ ಇತ್ತು.

"ಸಿಮ್ ಹಾಕಿಸ್ಕಂಡ್ರಾ?" ಅಂದೆ.

"ಸಿಮ್ಮು ಯಾಕ್ಲಾ? ನೋಡೋರ್ಗೆ ಕಂಡ್ರೆ ಸಾಲ್ದಾ?"

ಮಗನಿಗೆ ಹೆಣ್ಣು ನೋಡಲು ಕನಕಪುರದ ಕಡೆಯ ಹಳ್ಳಿಗೆ ಹೋದಾಗ, ಉಪ್ಪಿಟ್ಟಿನ ಮಧ್ಯೆ ಎಡಗಡೆ ಫೋನು ಕಿವಿಗಿಟ್ಟು "ಆಯ್ತು ಮಿನಿಸ್ಟ್ರೇ, ನಾಳೆ ಬತ್ತೀನಿ" ಅಂತ ಜೋರಾಗಿ ಮಾತಾಡಿದರು. ಹೆಣ್ಣಿನ ಅಜ್ಜ ಎಲ್ಲ ಕೇಳಿಸಿಕೊಂಡು ಮೆಲ್ಲಗೆ ಅಂದ: "ನಮ್ಮೂರ್ಗೆ ಇನ್ನೂ ಟವರ್ರೇ ಬಂದಿಲ್ಲ ಬೀಗ್ರೇ. ನಿಮ್ ಮಿನಿಸ್ಟ್ರು ಇಲ್ಲೇ ಎಲ್ಲೋ ಹಿತ್ತಲಲ್ಲಿ ನಿಂತವ್ರೆ, ಒಳಕ್ಕೆ ಕರೀರಿ, ಉಪ್ಪಿಟ್ಟು ಐತೆ."

ಒಂದೇ ಗುಂಡಿ

ಎರಡನೇ ಫೋನು ಮೇನ್ ರೋಡಿನ ಟೀ ಅಂಗಡಿಯ ಅಕ್ಕನಿಗೆ. ಜೀಪು ಕಂಡರೆ ಊರಿಗೆ ಒಂದು ಮಿಸ್ಡ್ ಕಾಲ್ ಕೊಡುವುದು ಆಕೆಯ ಕೆಲಸ. ವಾರದೊಳಗೆ ಅದರ ಮೇಲೆ ಟೀ ಚೆಲ್ಲಿ ಪರದೆ ಕಪ್ಪಾಯಿತು, ನಂಬರಿನ ಗುಂಡಿಗಳು ಅಂಟಿಕೊಂಡವು. ಹಸಿರು ಗುಂಡಿ ಮಾತ್ರ ಉಳಿಯಿತು. ಅದನ್ನು ಒತ್ತಿದರೆ ಕೊನೆಗೆ ಮಾಡಿದ ನಂಬರಿಗೇ, ಅಂದರೆ ನಮ್ಮೂರಿಗೇ ಹೋಗುತ್ತಿತ್ತು. ನಾನು ಬೈದೆ.

"ಬೈಬ್ಯಾಡ ಬುಡಣ್ಣ" ಅಂದಳು. "ಇಡೀ ಸಮಿತೀಲಿ ಹೇಳಿದ್ ಕೆಲ್ಸ ಮಾಡ್ಕಂಡಿರೋದು ಅಂದ್ರೆ ಈ ಗುಂಡಿ ಒಂದೇ."

ದೆವ್ವದ ಕಾಲ್

ಮೂರನೇ ಫೋನು ಊರ ತುದಿಯ ಅಜ್ಜಿಗೆ. ಊರಲ್ಲಿ ಸಿಗ್ನಲ್ ಸಿಗುತ್ತಿದ್ದದ್ದು ಅವಳ ಜಗಲಿಯ ಮೇಲೆ ಮಾತ್ರ. ಫೋನು ಒಂದು ಸಲ ಬಡಿದುಕೊಂಡರೆ ಅಜ್ಜಿ ಜಾಗಟೆ ಬಾರಿಸಬೇಕು, ಎಲ್ಲರೂ ದನ ಹೊಡೆದುಕೊಂಡು ಗೋಮಾಳಕ್ಕೆ ಓಡಬೇಕು. ಸಮಿತಿಯ ತೀರ್ಮಾನ.

ಪರೀಕ್ಷೆಗೆಂದು ಟೀ ಅಂಗಡಿಯಿಂದ ಒಂದು ಮಿಸ್ಡ್ ಕಾಲ್ ಕೊಡಿಸಿದೆ. ಜಾಗಟೆ ಇಲ್ಲ. ಸೈಕಲ್ ತುಳಿದುಕೊಂಡು ಬಂದು ನೋಡಿದರೆ ಅಜ್ಜಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಾಳೆ.

"ಫೋನ್ ಹೊಡ್ಕಳ್ಳಿಲ್ವಾ?"

"ಹೊಡ್ಕತ್ತು, ಒಂದ್ ಸಲ."

"ಮತ್ತೆ?"

"ಒಂದ್ ಸಲ ಕೂಗಿದ್ರೆ ಓಗೊಡ್ಬಾರ್ದು ಕಣ್ ಮಗ. ದೆವ್ವ ಒಂದೇ ಸಲ ಕೂಗೋದು. ಮನುಸ್ರಾದ್ರೆ ಮೂರ್ ಸಲ ಕೂಗ್ತಾರೆ."

ಮೂಢನಂಬಿಕೆಯ ಮೇಲೆ ಅರ್ಧ ಗಂಟೆ ಭಾಷಣ ಬಿಗಿದೆ. ಅಜ್ಜಿ ಪೂರ್ತಿ ಕೇಳಿ, "ಇಷ್ಟೊತ್ತು ಕೂಗೋರು ಯಾವ ಜಾತಿ ದೆವ್ವ?" ಅಂದಳು.

ಮೂರು ಸಲ

ಅಜ್ಜಿಯ ಲೆಕ್ಕಕ್ಕೆ ಮೂರು ಸಲ ಮಾಡಬೇಕು ಅಂತ ಟೀ ಅಂಗಡಿಯ ಅಕ್ಕನಿಗೆ ಹೇಳಿಟ್ಟೆ. ಕಡೆಗೂ ಒಂದು ಬೆಳಿಗ್ಗೆ ಸರ್ವೆ ಜೀಪು ಬಂತು. ಅಳತೆಯ ಸರಪಳಿ ಹಿಡಿಯುವ ಕೂಲಿಯವರ ಇನ್ನೊಂದು ಗಾಡಿ ದಾರಿ ತಪ್ಪಿತ್ತು. ಸಾಹೇಬರು ಟೀ ಅಂಗಡಿಯ ಮುಂದೆ ಇಳಿದು ಅವರಿಗೆ ಫೋನ್ ಮಾಡಲು ಹೋದರೆ ಚಾರ್ಜ್ ಇಲ್ಲ.

"ಏನಮ್ಮಾ, ಫೋನ್ ಇದೆಯಾ?"

ಅಕ್ಕ ಸೆರಗಿನಲ್ಲಿ ಒರೆಸಿ ಕೊಟ್ಟಳು. ಸಾಹೇಬರು ಅಂಟಿದ ಗುಂಡಿಗಳನ್ನೆಲ್ಲ ಒತ್ತಿ ಹಸಿರು ಗುಂಡಿ ಒತ್ತಿದರು. ರಿಂಗ್ ಆಯಿತು, ಯಾರೂ ಎತ್ತಲಿಲ್ಲ.

"ಎತ್ತಲಿಲ್ವಾ ಸಾ? ಇನ್ನೊಂದ್ ಸಲ ಮಾಡಿ." ಮಾಡಿದರು.

"ಈ ಕಾಲ್ದಲ್ಲಿ ಕೂಲಿಯೋರ್ಗೂ ಕೊಬ್ಬು ಸಾ. ಬುಡ್ಬ್ಯಾಡಿ, ಇನ್ನೊಂದೇ ಸಲ." ಅದನ್ನೂ ಮಾಡಿದರು.

ಊರಲ್ಲಿ ಜಾಗಟೆ ಮೊಳಗಿತು.

ದಾರಿ ತಪ್ಪಿದವರು ಬಂದು ಸೇರಿ, ಜೀಪು ಗೋಮಾಳ ಮುಟ್ಟುವಷ್ಟರಲ್ಲಿ ಅಲ್ಲಿ ಇಡೀ ಊರಿತ್ತು, ದನಕರು ಇತ್ತು, ನಮ್ಮ ಜೊತೆ ಜಾಗಟೆ ಹಿಡಿದ ಅಜ್ಜಿಯೂ ಇದ್ದಳು. 'ಖಾಲಿ ಜಮೀನು' ಅಂತ ಬರೆಯುವ ಹಾಗಿರಲಿಲ್ಲ. ಊರಿನವರ ತಕರಾರು ಬರೆದುಕೊಂಡೇ ಹೋಗಬೇಕಾಯಿತು.

ಸಾಹೇಬರಿಗೆ ತಡೆಯಲಾಗಲಿಲ್ಲ. "ನಾವು ಬರೋದು ನಿಮಗೆ ಯಾರು ಹೇಳಿದ್ದು?" ಅಂದರು.

ಹಿಂದೆಯೇ ಓಡಿ ಬಂದಿದ್ದ ಅಕ್ಕ, "ಇವ್ರೇ ಕಣಜ್ಜಿ ಫೋನ್ ಮಾಡಿದ್ದು" ಅಂದಳು.

ಅಜ್ಜಿ ಸಾಹೇಬರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಮೂರ್ ಸಲ ಕೂಗಿದ್ರಲ್ಲ ಬುದ್ಧಿ, ಯಾರೋ ಮನುಸ್ರೇ ಅಂದ್ಕಂಡು ಬಂದ್ಬುಟ್ಟೆ. ಬಂದ್ ನೋಡುದ್ರೆ, ನೀವು."